ದೋಟಿ ಬಾಗಿದ್ದು ಬೆಸುಗೆಯ ಪಕ್ಕದಲ್ಲಿ

"ಈ ಸಲ ಏನಾದ್ರೂ ಟೆಕ್ನಿಕಲ್ ಬರೀರಿ, ಆದರೆ ಕನ್ನಡದಲ್ಲಿ" ಅಂತ ಬಳಗದವರು ಹೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು. ಸ್ಟ್ರೆಸ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದರೆ ಇವತ್ತಿಗೂ ತಡವರಿಸುತ್ತೇವೆ. ಆದರೆ ನಾವು ಹೇಳಹೊರಟ ಕೆಲಸ ನಮಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ಊರಿನಲ್ಲಿ, ಕನ್ನಡದಲ್ಲೇ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇವೆ. ತಪ್ಪಿದ್ದರೆ ತಿದ್ದಿ.

ನಮ್ಮಲ್ಲೊಬ್ಬನ ಊರು ಸೊರಬದ ಹತ್ತಿರ, ಇನ್ನೊಬ್ಬನದು ಶಿಕಾರಿಪುರ. ಹಾಸ್ಟೆಲ್ಲಿನಲ್ಲಿ ಒಂದೇ ರೂಮು. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ರಜೆಯಲ್ಲಿ ಎರಡೂ ಊರುಗಳಲ್ಲಿ ಒಂದೊಂದು ಅಲ್ಯೂಮಿನಿಯಂ ಸಾಮಾನು ರಿಪೇರಿ ಮಾಡಿದೆವು. ವಿಧಾನ ಒಂದೇ: ಕಡಿಮೆ ಉಷ್ಣತೆಯ ಬ್ರೇಜಿಂಗ್. ಒಂದು ನಿಂತಿತು, ಇನ್ನೊಂದು ಕೆಟ್ಟಿತು. ಕೆಟ್ಟಿದ್ದರಲ್ಲಿ ಒಬ್ಬರ ತಲೆ ಒಂದು ಮೊಳದಲ್ಲಿ ಉಳಿಯಿತು.

ಸೊರಬದ ದೋಟಿ

ಅಡಿಕೆ ಕೊಯ್ಲಿನ ಕಡೆಯ ಸುತ್ತು ನಡೆಯುತ್ತಿತ್ತು. ಮರ ಹತ್ತುವ ಕೊನೆಗಾರರು ಸಿಗುವುದು ಈಗ ಕಷ್ಟ, ಹಾಗಾಗಿ ಗೆಳೆಯನ ಮನೆಯಲ್ಲಿ ದೋಟಿಯಲ್ಲೇ ಕೊನೆ ತೆಗೆಯುತ್ತಾರೆ. ಬಯಲುಸೀಮೆಯ ಓದುಗರಿಗೆ ಹೇಳಬೇಕೆಂದರೆ, ದೋಟಿ ಅಂದರೆ ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಕೋಲು. ಹಿಂದೆ ಬಿದಿರಿನದು ಇರುತ್ತಿತ್ತು, ಆಮೇಲೆ ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೊಳವೆಯದು ಬಂತು, ಈಗ ಕಾರ್ಬನ್ ಫೈಬರಿನದೂ ಬಂದಿದೆ. ಇವರ ಮನೆಯದು ಅಲ್ಯೂಮಿನಿಯಂ. ಅದರ ನಡುವಿನ ಕೊಳವೆ ಸೀಳಿ, ಮುಟ್ಟಿದರೆ ಎರಡು ತುಂಡಾಗುವ ಹಾಗಿತ್ತು.

ಸೀಳಿದ್ದು ಯಾಕೆ ಅಂತ ನಾವು ಆಗ ಯೋಚಿಸಲಿಲ್ಲ. ಆಮೇಲೆ ನೋಡಿದರೆ, ಮುರಿದ ಜಾಗದ ಸುತ್ತ ಬಿಳಿ ಪುಡಿ, ಸಣ್ಣ ಸಣ್ಣ ಕುಳಿ. ಇದೇ ಕೋಲಿಗೆ ಮಳೆಗಾಲದಲ್ಲಿ ಪೈಪು ಕಟ್ಟಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಸುಮಾರು 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಅಧ್ಯಯನ ಮಾಡಿದಾಗಿನಿಂದ ಮಲೆನಾಡಿನ ಅಡಿಕೆಗೆ ಇದೇ ಔಷಧಿ. ಅಡಿಕೆಗೆ ಒಳ್ಳೆಯದು, ಅಲ್ಯೂಮಿನಿಯಂಗೆ ಎರಡೂ ಕಡೆಯಿಂದ ಶತ್ರು. ಸುಣ್ಣದ ಕ್ಷಾರ ಅದರ ಮೇಲಿನ ರಕ್ಷಣೆಯ ಪದರವನ್ನು ಕರಗಿಸುತ್ತದೆ. ಮೈಲುತುತ್ತದ ತಾಮ್ರ ಅದರ ಮೇಲೆ ಕೂತು, ಮಳೆ ನೀರು ಸೇರಿ, ಸಣ್ಣ ಸಣ್ಣ ಬ್ಯಾಟರಿಗಳ ಹಾಗೆ ಕೆಲಸ ಮಾಡಿ ಕುಳಿ ತೋಡುತ್ತದೆ. ನಂಬಿಕೆ ಬರದಿದ್ದರೆ ಮೈಲುತುತ್ತದ ನೀರಿಗೆ ಚೂರು ಅಡಿಗೆ ಉಪ್ಪು ಹಾಕಿ ಅಲ್ಯೂಮಿನಿಯಂ ಫಾಯಿಲ್ ಬಿಟ್ಟು ನೋಡಿ. ಫಾಯಿಲ್ ತಿಂದುಹೋಗಿ ಕೆಂಪು ತಾಮ್ರ ಉಳಿಯುತ್ತದೆ. ಔಷಧಿ ಹೊಡೆದ ದಿನವೇ ದೋಟಿಯನ್ನು ಒಳ್ಳೆ ನೀರಿನಲ್ಲಿ ತೊಳೆದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ನಾವು ಆನ್‌ಲೈನಿನಲ್ಲಿ ಒಂದು ಕಟ್ಟು ರಾಡು ತರಿಸಿದೆವು. ಪ್ಯಾಕೆಟ್ ಮೇಲೆ ಅಲ್ಯೂಮಿನಿಯಂ ವೆಲ್ಡಿಂಗ್, ಬರೀ ಟಾರ್ಚ್ ಸಾಕು ಅಂತ ಬರೆದಿತ್ತು. ವಿಡಿಯೋದಲ್ಲಿ ಬೆಣ್ಣೆ ಸವರಿದ ಹಾಗೆ ಸವರುತ್ತಿದ್ದರು. ನಾವು ಬ್ಯುಟೇನ್ ಡಬ್ಬಿಯ ಸಣ್ಣ ಟಾರ್ಚ್ ಹಿಡಿದು ಕೂತೆವು. ಹತ್ತು ನಿಮಿಷವಾದರೂ ಏನೂ ಆಗಲಿಲ್ಲ. ರಾಡಿಗೇ ನೇರವಾಗಿ ಬೆಂಕಿ ಹಿಡಿದೆವು. ಅದು ಕರಗಿ ಗುಂಡಗಿನ ಹನಿಯಾಗಿ ಕೊಳವೆ ಮೇಲೆ ಬಿತ್ತು, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ನೆಲಕ್ಕೆ ಹೋಯಿತು. ಇನ್ನೂ ಕಾಯಿಸಿದೆವು, ಸ್ಟೀಲ್ ಬ್ರಷ್‌ನಲ್ಲಿ ಉಜ್ಜಿದೆವು, ಇನ್ನೂ ಕಾಯಿಸಿದೆವು. ಕೊನೆಗೆ ಹತ್ತಿತು. ಹತ್ತಿದ ಖುಷಿಯಲ್ಲಿ ಅರ್ಧ ಕಟ್ಟು ರಾಡು ಸುರಿದು ಬಿದಿರಿನ ಗಂಟಿನ ಹಾಗೆ ದಪ್ಪ ಮಾಡಿದೆವು. ಮಂಡಿಗೆ ಕೊಟ್ಟು ಬಗ್ಗಿಸಿ ನೋಡಿದರೆ ಅಲುಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ದೊಡ್ಡಪ್ಪ ಅದನ್ನು ತೋಟಕ್ಕೆ ಒಯ್ದರು. ಮೂರನೇ ಮರವೋ ನಾಲ್ಕನೆಯದೋ. ಕೊನೆ ಕಡಿದು, ಕತ್ತಿಗೆ ಸಿಕ್ಕಿಕೊಂಡ ಅದನ್ನು ಓರೆಯಾಗಿ ಇಳಿಸುವಾಗ ಕೋಲು ಮೆಲ್ಲಗೆ ಬಾಗಿತು. ಟಕ್ ಅಂತ ಮುರಿಯಲಿಲ್ಲ, ಬೆಂದ ನುಗ್ಗೆಕಾಯಿ ಬಾಗುವ ಹಾಗೆ ಬಾಗಿತು. ಕತ್ತಿ ಸಮೇತ ಕೊನೆ ದೊಡ್ಡಪ್ಪನ ಭುಜದ ಪಕ್ಕ ಬಿತ್ತು. ನಾವು ಓಡಿಹೋಗಿ ನೋಡಿದರೆ ನಮ್ಮ ಬೆಸುಗೆ ಹಾಗೇ ಇತ್ತು, ಒಂದು ಬಿರುಕೂ ಇಲ್ಲ. ಬಾಗಿದ್ದು ಅದರಿಂದ ಎರಡು ಬೆರಳು ಆಚೆ, ಹೊಸದಾಗಿ ಕಾಣುತ್ತಿದ್ದ ಕೊಳವೆಯಲ್ಲಿ.

"ನಿಮ್ಮ ಬೆಸುಗೆ ಗಟ್ಟಿ ಇದೆ ಕಣ್ರೋ" ಅಂದರು ದೊಡ್ಡಪ್ಪ, ಮೈಮೇಲಿನ ಧೂಳು ಕೊಡವಿಕೊಳ್ಳುತ್ತಾ. "ನನ್ ತಲೆ ಅಷ್ಟು ಗಟ್ಟಿ ಇಲ್ಲ." ಬೈದಿದ್ದರೆ ವಾಸಿ ಇತ್ತು. ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಶಿರಾಳಕೊಪ್ಪದ ಚಾಚಾ

ಎರಡು ದಿನ ಬಿಟ್ಟು ಶಿಕಾರಿಪುರಕ್ಕೆ ಹೊರಟಿದ್ದೆವು. ಬಾಗಿದ ತುಂಡನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಟೆವು. ದಾರಿಯಲ್ಲಿ ಶಿರಾಳಕೊಪ್ಪದಲ್ಲಿ ಇಳಿದು, ಹಳೆಯ ಗ್ಯಾಸ್ ವೆಲ್ಡಿಂಗ್ ಮಾಡುವವರೊಬ್ಬರ ಹತ್ತಿರ ಹೋದೆವು. ಎಲ್ಲರೂ ಅವರನ್ನು ಚಾಚಾ ಅಂತಾರೆ, ನಾವೂ ಹಾಗೇ ಕರೆದೆವು. ಅವರು ಹುಡುಗನಾಗಿದ್ದಾಗ ತಂದೆಯ ಜೊತೆ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿದವರಂತೆ.

ತುಂಡು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ರಾಡಿಗೆ ಬೆಂಕಿ ಹಿಡಿದ್ರಾ, ಕೊಳವೆಗೆ ಹಿಡಿದ್ರಾ?"

"ಮೊದಲು ಕೊಳವೆಗೆ, ಆಮೇಲೆ ರಾಡಿಗೆ ಚಾಚಾ."

"ಕಲಾಯಿ ಹಾಕೋದು ನೋಡಿದೀರಾ? ತವರ ಬೆಂಕಿಗೆ ಕರಗಬಾರದು. ಪಾತ್ರೆಗೆ ಕರಗಬೇಕು."

ನಮ್ಮ ಇಡೀ ಮೆಟೀರಿಯಲ್ ಸೈನ್ಸ್ ನೋಟ್ಸಿನಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಕಲಾಯಿಯವರು ಪಾತ್ರೆಯನ್ನು ತೊಳೆದು ಬೆಳಗಿ, ಕುಲುಮೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕುತ್ತಾರೆ. ಅದು ಹೊಗೆಯಾಡಿ ಪಾತ್ರೆಯ ಮೇಲಿನ ಕಿಲುಬನ್ನು ತೆಗೆಯುತ್ತದೆ. ಆಮೇಲೆ ತವರದ ಕಡ್ಡಿಯನ್ನು ಬಿಸಿ ಪಾತ್ರೆಗೆ ಮುಟ್ಟಿಸುತ್ತಾರೆ. ತವರ ಕರಗುವುದು 232 ಡಿಗ್ರಿಗೆ. ಕರಗಿದ್ದನ್ನು ಹತ್ತಿಯಿಂದ ಉಜ್ಜುತ್ತಾ ಹರಡುತ್ತಾರೆ. ಶುದ್ಧಿ ಮಾಡು, ಪಾತ್ರೆ ಕಾಯಿಸು, ಪಾತ್ರೆಯ ಬಿಸಿಗೆ ಕರಗಿಸು, ಉಜ್ಜಿ ಹತ್ತಿಸು. ಅಲ್ಯೂಮಿನಿಯಂ ರಾಡಿನ ಕೆಲಸವೂ ಇದೇ. ವ್ಯತ್ಯಾಸ ಇರುವುದು ಕಿಲುಬಿನಲ್ಲಿ.

ಅಂಟುವುದಿಲ್ಲ ಯಾಕೆ

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ತಕ್ಷಣ ಅದರ ಮೇಲೆ ಆಕ್ಸೈಡಿನ ಪದರ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್, ಕಣ್ಣಿಗೆ ಕಾಣದು. ಒಳಗಿನ ಲೋಹ 660 ಡಿಗ್ರಿಗೆ ಕರಗಿದರೆ ಈ ಪದರ ಕರಗುವುದು 2000 ಡಿಗ್ರಿ ದಾಟಿದ ಮೇಲೆ. ಅಂದರೆ ಬಿಸಿ ಮಾಡಿ ಅದನ್ನು ತೆಗೆಯುತ್ತೇವೆ ಅನ್ನುವುದು ಆಗದ ಮಾತು. ಒಳಗಿನದು ನೀರಾದರೂ ಮೇಲಿನ ಚೀಲ ಹಾಗೇ ಇರುತ್ತದೆ. ನಮ್ಮ ಹನಿ ಉರುಳಿದ್ದು ಈ ಚೀಲದ ಮೇಲೆ. ಕೆಸುವಿನ ಎಲೆಯ ಹೋಲಿಕೆ ಸುಮ್ಮನೆ ಬಂದಿದ್ದಲ್ಲ: ಅಲ್ಲೂ ನೀರಿಗೂ ಎಲೆಗೂ ಮಧ್ಯೆ ನೀರು ಒಲ್ಲದ ಒಂದು ಮೇಣದ ಪದರ ಇದೆ.

ಅಕ್ಕಸಾಲಿಗರ ಬಿಳಿಗಾರ ಇಲ್ಲಿ ನಡೆಯುವುದಿಲ್ಲ. ಬೆಳ್ಳಿ, ಹಿತ್ತಾಳೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಿಳಿಗಾರ ಕರಗುವುದೇ 740 ಡಿಗ್ರಿಯ ಆಸುಪಾಸಿಗೆ. ಅಷ್ಟರಲ್ಲಿ ಅಲ್ಯೂಮಿನಿಯಂ ನೆಲದ ಮೇಲಿರುತ್ತದೆ. ಉಳಿದ ದಾರಿ ಎರಡು. ಫ್ಲೋರೈಡ್ ಇರುವ ವಿಶೇಷ ಫ್ಲಕ್ಸ್ ಹಾಕಿ ಪದರವನ್ನು ಒಡೆಯುವುದು, ಇಲ್ಲವೇ ಕರಗಿದ ಬೆಸುಗೆಯ ಕೆಳಗೆ ಕೆರೆಯುವುದು. ಎರಡನೆಯದರಲ್ಲಿ ಗುಟ್ಟು "ಕೆಳಗೆ" ಅನ್ನುವ ಮಾತಿನಲ್ಲಿದೆ. ಮೊದಲೇ ಎಷ್ಟು ಉಜ್ಜಿದರೂ ಪದರ ಕ್ಷಣದಲ್ಲಿ ಮತ್ತೆ ಕಟ್ಟುತ್ತದೆ. ಕರಗಿದ ಲೋಹದ ಕೊಳದೊಳಗೆ ಸ್ಟೇನ್‌ಲೆಸ್ ಕಡ್ಡಿಯಿಂದಲೋ ರಾಡಿನ ತುದಿಯಿಂದಲೋ ಕೆರೆದರೆ, ಒಡೆದ ಜಾಗಕ್ಕೆ ಗಾಳಿ ಸಿಗುವ ಮೊದಲೇ ಬೆಸುಗೆ ಹೋಗಿ ಕೂರುತ್ತದೆ. ನೋಡುತ್ತಿದ್ದ ಹಾಗೆ ಹನಿ ಚಪ್ಪಟೆಯಾಗಿ ಹರಡುತ್ತದೆ. ಅದನ್ನು ಮೊದಲ ಸಲ ಸರಿಯಾಗಿ ನೋಡಿದಾಗ ನಾವು ಚಪ್ಪಾಳೆ ತಟ್ಟಿದ್ದು ಚಾಚಾಗೆ ನಗು ತರಿಸಿತು.

ಪೇಟೆಯಲ್ಲಿ ಸಿಗುವ ರಾಡುಗಳಲ್ಲಿ ಎರಡೂ ಬಗೆ ಇವೆ, ದೂರದಿಂದ ಒಂದೇ ತರ ಕಾಣುತ್ತವೆ. ಕತ್ತರಿಸಿ ನೋಡಿ. ಒಳಗೆ ಬಿಳಿ ಪುಡಿ ಇದ್ದರೆ ಫ್ಲಕ್ಸ್ ತುಂಬಿದ್ದು. ಅದಕ್ಕೆ ಕೆರೆತ ಅಷ್ಟು ಬೇಡ, ಆದರೆ ಹೊಗೆ ಕುಡಿಯಬಾರದು, ಮುಗಿದ ಮೇಲೆ ಬಿಸಿ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಗಟ್ಟಿ ರಾಡಾದರೆ ಕೆರೆಯಲೇಬೇಕು. ನಮ್ಮದು ಗಟ್ಟಿ.

ಹೆಸರಿನ ಗೋಜಲು ಇಲ್ಲೇ ಮುಗಿಸಿಬಿಡೋಣ. ಪ್ಯಾಕೆಟ್ ಮೇಲೆ ವೆಲ್ಡಿಂಗ್ ಅಂತ ಇದೆ. ವೆಲ್ಡಿಂಗಿನಲ್ಲಿ ಮೂಲ ಲೋಹವೇ ಕರಗಿ ಸೇರುತ್ತದೆ, ಇಲ್ಲಿ ಅದು ಕರಗುವುದಿಲ್ಲ, ಆದ್ದರಿಂದ ವೆಲ್ಡಿಂಗ್ ಅಲ್ಲ. ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಲೆಕ್ಕದಲ್ಲಿ ಸೇರಿಸುವ ಲೋಹ 450 ಡಿಗ್ರಿಗಿಂತ ಮೇಲೆ ಕರಗಿದರೆ ಬ್ರೇಜಿಂಗ್, ಕೆಳಗೆ ಕರಗಿದರೆ ಸೋಲ್ಡರಿಂಗ್. ನಮ್ಮ ರಾಡು ಬಹುಪಾಲು ಸತು, ಸ್ವಲ್ಪ ಅಲ್ಯೂಮಿನಿಯಂ. ನೂರಕ್ಕೆ 95 ಸತು, 5 ಅಲ್ಯೂಮಿನಿಯಂ ಸೇರಿಸಿದರೆ ಸುಮಾರು 382 ಡಿಗ್ರಿಗೇ ಕರಗುತ್ತದೆ. ಸತು ಒಂದೇ ಆದರೆ 419, ಅಲ್ಯೂಮಿನಿಯಂ ಒಂದೇ ಆದರೆ 660, ಬೆರೆತರೆ ಎರಡಕ್ಕಿಂತಲೂ ಕಡಿಮೆ. ಯುಟೆಕ್ಟಿಕ್ ಅಂತ ಬೋರ್ಡ್ ಮೇಲೆ ಬರೆದುಕೊಂಡಿದ್ದು ಇದನ್ನೇ. ಹಾಗಾಗಿ ಪುಸ್ತಕದ ಪ್ರಕಾರ ಇದು ಸೋಲ್ಡರಿಂಗ್. ಗ್ಯಾರೇಜಿನವರು ಬ್ರೇಜಿಂಗ್ ಅಂತಾರೆ. ಕನ್ನಡದಲ್ಲಿ ಮೂರಕ್ಕೂ ಬೆಸುಗೆ ಅನ್ನುತ್ತೇವೆ, ನಮ್ಮ ಮಟ್ಟಿಗೆ ಅದೇ ಸುಖ. ನಿಜವಾದ ಅಲ್ಯೂಮಿನಿಯಂ ಬ್ರೇಜಿಂಗ್ ಬೇಕಿದ್ದರೆ ಕಾರಿನ ರೇಡಿಯೇಟರ್ ನೋಡಿ. ಅದನ್ನು ಸಿಲಿಕಾನ್ ಬೆರೆತ ಅಲ್ಯೂಮಿನಿಯಂನಿಂದ, ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ, 600 ಡಿಗ್ರಿಯ ಹತ್ತಿರ ಜೋಡಿಸುತ್ತಾರೆ. ಕರಗುವ ಬೆಸುಗೆಗೂ ಕರಗಬಾರದ ಕೊಳವೆಗೂ ಅಲ್ಲಿ ಕೆಲವು ಹತ್ತು ಡಿಗ್ರಿ ಅಷ್ಟೇ ಅಂತರ. ಮನೆಯಂಗಳದ ಕೆಲಸ ಅಲ್ಲ ಅದು.

ದೋಟಿ ಯಾಕೆ ಬಾಗಿತು

ಈಗ ಮುಖ್ಯ ವಿಷಯ. ಬೆಸುಗೆ ಗಟ್ಟಿ ಇದ್ದೂ ಕೋಲು ಬಾಗಿದ್ದು ಹೇಗೆ?

ಇಂಥ ಕೊಳವೆಗಳಿಗೆ ಸಾಮಾನ್ಯವಾಗಿ ಬಳಸುವುದು 6063 ಅಥವಾ 6061 ಅನ್ನುವ ಮಿಶ್ರಲೋಹ. ಮೆಗ್ನೀಸಿಯಂ, ಸಿಲಿಕಾನ್ ಎರಡೂ ಚೂರುಚೂರು ಇರುತ್ತವೆ. ಕಾರ್ಖಾನೆಯಲ್ಲಿ ಇದನ್ನು ಕಾಯಿಸಿ, ಬೇಗ ತಣಿಸಿ, ಆಮೇಲೆ 175 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ. ಆಗ ಒಳಗೆ ಅತಿ ಸಣ್ಣ ಕಣಗಳು ಹುಟ್ಟಿ ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿದುಕೊಳ್ಳುತ್ತವೆ. ಈ ಹದದ ಹೆಸರು ಟಿ6. ಟಿ6 ಹದದ 6063 ಸುಮಾರು 214 ಮೆಗಾಪಾಸ್ಕಲ್ ತನಕ ಬಾಗದೆ ತಡೆಯುತ್ತದೆ. ಅದೇ ಲೋಹವನ್ನು ಪೂರ್ತಿ ಮೆತ್ತಗೆ ಮಾಡಿದರೆ 48 ಅಷ್ಟೇ. ಲೋಹ ಅದೇ, ದಪ್ಪ ಅದೇ, ಬಲ ಕಾಲುಭಾಗಕ್ಕಿಂತ ಕಡಿಮೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ.

175 ಡಿಗ್ರಿಯಲ್ಲಿ ಕೊಟ್ಟ ಹದವನ್ನು ನಾವು 390 ಡಿಗ್ರಿಗೆ, ಅದೂ ಹತ್ತಿಪ್ಪತ್ತು ನಿಮಿಷ, ಕಾಯಿಸಿದೆವು. ಆ ಸಣ್ಣ ಕಣಗಳೆಲ್ಲ ದಪ್ಪಗಾಗಿ ಹಿಡಿತ ಬಿಟ್ಟವು.

ಹಾಸ್ಟೆಲ್ಲಿಗೆ ಬಂದ ಮೇಲೆ ಲೆಕ್ಕ ಹಾಕಿದೆವು. ಕೊಳವೆಯ ಹೊರವ್ಯಾಸ 25 ಮಿಲಿಮೀಟರ್, ಗೋಡೆ 1.2. ಇದರ ಸೆಕ್ಷನ್ ಮಾಡ್ಯುಲಸ್ ಸುಮಾರು 510 ಘನ ಮಿಲಿಮೀಟರ್. ತುದಿಯಲ್ಲಿ ಕತ್ತಿಯೂ ಸಿಕ್ಕಿಕೊಂಡ ಕೊನೆಯೂ ಸೇರಿ 3 ಕೆಜಿ ಅಂತ ಅಂದುಕೊಳ್ಳೋಣ, ಓರೆ ಮಾಡಿದಾಗ ಆ ಭಾರ ಬೆಸುಗೆಯಿಂದ ಅಡ್ಡಕ್ಕೆ 2 ಮೀಟರ್ ಆಚೆ ಇತ್ತು ಅಂತಿಟ್ಟುಕೊಳ್ಳೋಣ. ಬಾಗಿಸುವ ಮೊಮೆಂಟ್ ಸುಮಾರು 59 ನ್ಯೂಟನ್ ಮೀಟರ್. ಭಾಗಿಸಿದರೆ ಕೊಳವೆಯ ಮೇಲಿನ ಸ್ಟ್ರೆಸ್ ಸುಮಾರು 115 ಮೆಗಾಪಾಸ್ಕಲ್. ಕೋಲಿನ ಸ್ವಂತ ಭಾರವನ್ನು ಸೇರಿಸಿಲ್ಲ. 214 ತಡೆಯುವ ಹೊಸ ಕೊಳವೆಗೆ ಇದು ಲೆಕ್ಕವೇ ಅಲ್ಲ. 48 ತಡೆಯುವ ಕೊಳವೆಗೆ ಎರಡು ಪಟ್ಟಿಗಿಂತ ಹೆಚ್ಚು. ನಮ್ಮದು ಪೂರ್ತಿ ಮೆತ್ತಗಾಗದೆ ನಡುವೆ ಎಲ್ಲೋ ನಿಂತಿರಬಹುದು, ಆದರೆ ಬಾಗಿದ ರೀತಿ ನೋಡಿದರೆ 115ಕ್ಕಿಂತ ಕೆಳಗೇ ಇತ್ತು. ಬೆಸುಗೆಯ ಜಾಗದಲ್ಲಿ ಗಂಟು ದಪ್ಪ ಇದ್ದುದರಿಂದ ಅಲ್ಲಿ ಬಾಗಲಿಲ್ಲ, ಪಕ್ಕದ ತೆಳು ಜಾಗ ಹುಡುಕಿಕೊಂಡಿತು. ಮಂಡಿಗೆ ಕೊಟ್ಟು ಬಗ್ಗಿಸಿದ ನಮ್ಮ ಪರೀಕ್ಷೆಯೂ ಪರೀಕ್ಷೆಯಲ್ಲ: ಕೈಗೆ ಸಿಕ್ಕಿದ್ದು ಅರ್ಧ ಮೀಟರ್ ತೋಳು, ತೋಟದಲ್ಲಿ ಇದ್ದದ್ದು 2 ಮೀಟರ್.

ನಾವು ಎರಡು ತುದಿ ಎದುರುಬದುರಾಗಿ ಇಟ್ಟು ಅಂಟಿಸಿದ್ದೂ ತಪ್ಪೇ. ಇಂಥ ಬೆಸುಗೆಯ ಬಲ ಗುಡ್ಡೆ ಹಾಕುವುದರಲ್ಲಿಲ್ಲ, ಒಂದರ ಮೇಲೊಂದು ಹೊದಿಸಿದ ವಿಸ್ತಾರದಲ್ಲಿದೆ. 1.5 ಮಿಲಿಮೀಟರ್ ದಪ್ಪದ ತಗಡು 90 ಮೆಗಾಪಾಸ್ಕಲ್‌ಗೆ ಹರಿಯುತ್ತದೆ ಅಂದರೆ ಪ್ರತಿ ಮಿಲಿಮೀಟರ್ ಅಗಲಕ್ಕೆ 135 ನ್ಯೂಟನ್ ತಡೆಯುತ್ತದೆ. ಬೆಸುಗೆಯ ಶಿಯರ್ ಬಲ 30 ಅಂತ ಇಟ್ಟುಕೊಂಡರೆ 135ನ್ನು 30ರಿಂದ ಭಾಗಿಸಿ 4.5 ಮಿಲಿಮೀಟರ್ ಹೊದಿಕೆ ಬೇಕು, ಅಂದರೆ ದಪ್ಪದ ಮೂರು ಪಟ್ಟು. ನಡುವಿನ ಸಂದು ಕೂದಲೆಳೆಯಷ್ಟು, 0.1ರಿಂದ 0.25 ಮಿಲಿಮೀಟರ್ ಇರಬೇಕು. ಆಗ ಬೆಸುಗೆ ತಾನೇ ಒಳಗೆ ಹರಿದುಕೊಂಡು ಹೋಗುತ್ತದೆ. ಕೊಳವೆಗಾದರೆ ಒಳಗೊಂದು ತುಂಡು ಕೂರಿಸಿ ಮಾಡಬಹುದಿತ್ತು. ಹಾಗೆ ಮಾಡಿದ್ದರೂ ಆ ತುಂಡು ಮುಗಿಯುವ ಜಾಗದಲ್ಲಿ ಮೆತ್ತಗಾದ ಲೋಹ ಹಾಗೇ ಉಳಿಯುತ್ತಿತ್ತು. ತಲೆ ಮೇಲೆ ಎತ್ತುವ ಕೋಲಿಗೆ ಈ ಕೆಲಸವೇ ಬೇಡ. ಚಾಚಾ ಅಂತೂ "ಏಣಿ, ದೋಟಿ, ಗಾಡಿ ಚಕ್ರ, ಬ್ರೇಕಿನದ್ದು ಏನೇ ತಂದರೂ ನಾನು ಮುಟ್ಟಲ್ಲ, ಎಷ್ಟು ದುಡ್ಡು ಕೊಟ್ಟರೂ" ಅಂದರು. ಅವರು ಸೆಕ್ಷನ್ ಮಾಡ್ಯುಲಸ್ ಓದಿಲ್ಲ.

ದೋಟಿ ಅಂದ ಮೇಲೆ ಇನ್ನೊಂದು ಮಾತು. ಅಲ್ಯೂಮಿನಿಯಂ ದೋಟಿ ಕರೆಂಟಿನ ತಂತಿಗೆ ತಗುಲಿ ಜೀವ ಹೋದ ಸುದ್ದಿಗಳನ್ನು ನಮ್ಮ ಕಡೆ ಎಲ್ಲರೂ ಓದಿದ್ದೇವೆ. ತೋಟದ ಮೇಲೆ ಲೈನ್ ಹೋಗಿದ್ದರೆ ಅದನ್ನು ಅಲ್ಲಿಗೆ ಒಯ್ಯಲೇಬೇಡಿ, ರಿಪೇರಿ ಮಾಡಿದ್ದಿರಲಿ, ಹೊಸದಿರಲಿ.

ಶಿಕಾರಿಪುರದ ಕವರ್

ಚಾಚಾನ ಹತ್ತಿರ ಅವತ್ತು ಮೂರು ಗಂಟೆ ಕೂತಿದ್ದೆವು. ಅವರು ನಮ್ಮ ರಾಡನ್ನು ಬೇಡ ಅನ್ನಲಿಲ್ಲ. ಯಾವುದಕ್ಕೆ ಬಳಸಬೇಕು ಅಂತ ಹೇಳಿದರು: ಭಾರ ಹೊರದ, ಬರೀ ಸೋರಬಾರದ ಸಾಮಾನಿಗೆ. ಅಂಥದ್ದೊಂದು ಶಿಕಾರಿಪುರದಲ್ಲಿ ಕಾಯುತ್ತಿತ್ತು. ಚಿಕ್ಕಪ್ಪನ ಬೈಕು ಕೆರೆ ಏರಿಯ ಮೇಲೆ ಜಾರಿ ಬಿದ್ದು ಕ್ಲಚ್ ಕವರಿನಲ್ಲಿ ಎರಡು ಇಂಚು ಕೂದಲುಗೆರೆ ಬಿರುಕು ಬಿಟ್ಟಿತ್ತು. ನಿಲ್ಲಿಸಿದ ಕಡೆಯೆಲ್ಲ ಎಣ್ಣೆ. ಎಂ-ಸೀಲ್ ಮೆತ್ತಿದ್ದರು, ಎರಡು ವಾರಕ್ಕೆ ಎದ್ದು ಬಂದಿತ್ತು.

ಕವರ್ ಎರಕದ ಅಲ್ಯೂಮಿನಿಯಂ. ನೂರಕ್ಕೆ ಹತ್ತರ ಆಸುಪಾಸು ಸಿಲಿಕಾನ್, ಸ್ವಲ್ಪ ತಾಮ್ರ. ಇಂಥದ್ದು 500 ಡಿಗ್ರಿ ದಾಟಿದ ಮೇಲೆ ಕರಗಲು ಶುರುವಾಗಿ 600 ತಲುಪುವ ಮೊದಲೇ ಪೂರ್ತಿ ನೀರಾಗುತ್ತದೆ. ಅಂದರೆ ನಮಗೆ ಸಿಕ್ಕಿದ್ದ ಅಂತರ ನೂರು ಡಿಗ್ರಿ ಚಿಲ್ಲರೆ. ಕಬ್ಬಿಣದ ಹಾಗೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಬೆಳ್ಳಗೇ ಇರುತ್ತದೆ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅದಕ್ಕೆ ಚಾಚಾ ಹೇಳಿಕೊಟ್ಟ ಉಪಾಯ ಬಟ್ಟೆ ಸೋಪು. ಬೆಸುಗೆಯ ಜಾಗದಿಂದ ಸ್ವಲ್ಪ ದೂರ ಸೋಪಿನಿಂದ ಒಂದು ಗೆರೆ ಎಳೆಯಿರಿ. ಅದು ಕಂದಾಗಿ ಕಪ್ಪಾಗುವ ಹೊತ್ತಿಗೆ ರಾಡು ಕರಗುವ ಬಿಸಿ ಹತ್ತಿರ ಬಂತು ಅಂತ ಲೆಕ್ಕ. ಅಂದಾಜೇ, ಥರ್ಮಾಮೀಟರ್ ಅಲ್ಲ. ಆಮೇಲೆ ಪ್ರತಿ ಐದು ಸೆಕೆಂಡಿಗೆ ಜ್ವಾಲೆ ಪಕ್ಕಕ್ಕೆ ಸರಿಸಿ ರಾಡಿನ ತುದಿ ಒತ್ತಿ ನೋಡಬೇಕು. ಗೀಚಿದರೆ ಇನ್ನೂ ಆಗಿಲ್ಲ. ಮೇಣದ ಬಳಪದ ಹಾಗೆ ಹತ್ತಿಕೊಂಡರೆ ಆಯಿತು.

ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಕವರ್ ಬಿಚ್ಚಿ, ಗ್ಯಾಸ್ಕೆಟ್, ಕಿಕ್ಕರಿನ ಆಯಿಲ್ ಸೀಲ್ ಎಲ್ಲ ತೆಗೆದೆವು. ಡೀಸೆಲ್, ಸೋಪುನೀರು, ಆಮೇಲೆ ಅಸಿಟೋನ್. ಇಲ್ಲೊಂದು ದೊಡ್ಡ ಎಚ್ಚರಿಕೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿ ಬೆಂಕಿ ಹಿಡಿಯಬೇಡಿ, ಫಾಸ್ಜೀನ್ ಅನ್ನುವ ವಿಷಾನಿಲ ಬರುತ್ತದೆ. ಅಸಿಟೋನ್ ಕೂಡ ಪೂರ್ತಿ ಆರಿದ ಮೇಲೆಯೇ, ಬಾಟಲಿ ದೂರ ಇಟ್ಟ ಮೇಲೆಯೇ ಟಾರ್ಚ್. ಎಷ್ಟು ತೊಳೆದರೂ ಎರಕದ ಸಣ್ಣ ರಂಧ್ರಗಳಲ್ಲಿ ಎಣ್ಣೆ ಉಳಿದಿರುತ್ತದೆ. ಒಂದು ಸಲ ಮೆಲ್ಲಗೆ ಕಾಯಿಸಿದೆವು, ಬಿರುಕಿನಿಂದ ಬೆವರಿನ ಹಾಗೆ ಎಣ್ಣೆ ಎದ್ದು ಬಂತು. ಆರಿಸಿ ಮತ್ತೆ ತೊಳೆದೆವು. ಮೂರು ಸಲ.

ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರಿನ ತೂತು ಕೊರೆದೆವು, ಬಿರುಕು ಅಲ್ಲಿಂದ ಮುಂದೆ ಓಡದಿರಲಿ ಅಂತ. ಚೂಪು ತುದಿಯಲ್ಲಿ ಒಟ್ಟುಗೂಡುವ ಸ್ಟ್ರೆಸ್ ಗುಂಡಗಿನ ಅಂಚಿನಲ್ಲಿ ಹಂಚಿಹೋಗುತ್ತದೆ. ಬಿರುಕಿನುದ್ದಕ್ಕೂ ಫೈಲಿನಿಂದ ಇಂಗ್ಲಿಷಿನ ವಿ ಆಕಾರದ ಕಾಲುವೆ ಮಾಡಿದೆವು. ಹೊಸ ಸ್ಟೇನ್‌ಲೆಸ್ ಬ್ರಷ್, ಕಬ್ಬಿಣ ಮುಟ್ಟದೆ ಇದ್ದದ್ದು.

ಬೆಂಕಿ ಹಿಡಿದಿದ್ದು ಈ ಸಲ ದೊಡ್ಡ ಟಾರ್ಚಿನಲ್ಲಿ. ಅಲ್ಯೂಮಿನಿಯಂ ಶಾಖವನ್ನು ಉಕ್ಕಿಗಿಂತ ನಾಲ್ಕು ಪಟ್ಟು ಬೇಗ ಒಯ್ಯುತ್ತದೆ. ಸಣ್ಣ ಟಾರ್ಚ್ ಕೊಟ್ಟಷ್ಟನ್ನೂ ಇಡೀ ಸಾಮಾನು ಹಂಚಿಕೊಂಡುಬಿಡುತ್ತದೆ, ಸೊರಬದಲ್ಲಿ ನಾವು ಕಾದು ಕಾದು ಸೋತಿದ್ದು ಅದಕ್ಕೇ. ಮೊದಲು ಇಡೀ ಕವರ್ ಬೆಚ್ಚಗೆ, ದಪ್ಪ ಇರುವ ಬೋಲ್ಟಿನ ಕಿವಿಗಳ ಕಡೆ ಜಾಸ್ತಿ, ಕೊನೆಗೆ ಬಿರುಕಿನ ಹಿಂಬದಿಯಿಂದ. ರಾಡು ಹತ್ತಿದ ತಕ್ಷಣ ಜ್ವಾಲೆ ದೂರ. ತೆಳುವಾಗಿ ಸವರಿ, ಕೊಳದೊಳಗೆ ಕೆರೆದು, ಹರಡಿದ್ದು ನೋಡಿ, ಮತ್ತೆ ಸ್ವಲ್ಪ ತುಂಬಿ. ಬಿಳಿ ಹೊಗೆ ಬಂದರೆ ಸತು ಅತಿಯಾಗಿ ಕಾದಿದೆ ಅಂತ ಅರ್ಥ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹಿತ್ತಲಿನಲ್ಲಿ, ಗಾಳಿ ಬೆನ್ನಿಗೆ ಇರುವ ಹಾಗೆ ಕೂತು ಮಾಡಿದೆವು. ನೀರು ಹಾಕಿ ತಣಿಸಲಿಲ್ಲ. ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವ ತನಕ ಮುಟ್ಟಲೇ ಇಲ್ಲ.

ಒಂದು ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದಿತ್ತು. ಒತ್ತಡದಲ್ಲಿ ಎರಕ ಹೊಯ್ದ ಸಾಮಾನಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಕಾದಾಗ ಉಬ್ಬುತ್ತದೆ. ಹೊರಮೈಯಲ್ಲಿ ಇದ್ದುದರಿಂದ ಬಿಟ್ಟೆವು. ಗ್ಯಾಸ್ಕೆಟ್ ಕೂರುವ ಅಂಚು ಚೂರು ಸೊಟ್ಟಗಾಗಿತ್ತು. ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ, ಕವರನ್ನು ಎಂಟರ ಆಕಾರದಲ್ಲಿ ತಿರುಗಿಸಿ ತಿರುಗಿಸಿ ಸಮ ಮಾಡಲು ಒಂದು ಗಂಟೆ ಹಿಡಿಯಿತು.

ಪರೀಕ್ಷೆ ಈ ಸಲ ಮಂಡಿಯ ಮೇಲೆ ಮಾಡಲಿಲ್ಲ. ಬೆಸುಗೆಯ ಹೊರಗೆ ಸೀಮೆಸುಣ್ಣ ದಪ್ಪಗೆ ಬಳಿದು, ಒಳಗಿನಿಂದ ಸೀಮೆಎಣ್ಣೆ ಹಚ್ಚಿ ಇಟ್ಟೆವು. ನೀರು ನುಗ್ಗದ ಸಂದಿಗೂ ಸೀಮೆಎಣ್ಣೆ ನುಗ್ಗುತ್ತದೆ, ಸೋರಿದರೆ ಬಿಳಿಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಮೊದಲನೇ ಸಲ ಒಂದು ಚುಕ್ಕೆ ಬಿತ್ತು. ಮತ್ತೆ ತೊಳೆದು, ಕಾಯಿಸಿ, ಕೆರೆದೆವು. ಎರಡನೇ ಸಲ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಹೋಗಿ ನೋಡಿದೆವು, ಸುಣ್ಣ ಬೆಳ್ಳಗೇ ಇತ್ತು.

ಇಂಜಿನ್ ಎಣ್ಣೆ 100 ಡಿಗ್ರಿಯ ಆಸುಪಾಸು ಕಾಯುತ್ತದೆ, ಬೆಸುಗೆ ಕರಗುವುದು 380ಕ್ಕೆ, ಆ ಭಯ ಇಲ್ಲ. ಭಯ ಇರುವುದು ಮಳೆಗಾಲದ್ದು. ಸತು ಅಲ್ಯೂಮಿನಿಯಂಗಿಂತ ಬೇಗ ತಿಂದುಹೋಗುವ ಲೋಹ. ಎರಡೂ ಸೇರಿ ಒದ್ದೆಯಾಗಿದ್ದರೆ ಸತುವೇ ಮೊದಲು ಸವೆಯುತ್ತದೆ. ಹಾಗಾಗಿ ಮೇಲೆ ಪ್ರೈಮರ್, ಎರಡು ಕೋಟು ಬಣ್ಣ. ಇದೇ ಕಾರಣಕ್ಕೆ, ಜೊತೆಗೆ ಆರೋಗ್ಯದ ಕಾರಣಕ್ಕೂ, ಹಾಲಿನ ಕ್ಯಾನು, ಅಡಿಗೆ ಪಾತ್ರೆಗಳಿಗೆ ಈ ರಾಡು ಹಚ್ಚಬೇಡಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಟಾರ್ಚ್ ಒಯ್ಯಲೇಬೇಡಿ, ಖಾಲಿ ಇದ್ದರೆ ಇನ್ನೂ ಅಪಾಯ. ಮೆಗ್ನೀಸಿಯಂ ಜಾಸ್ತಿ ಇರುವ ತಗಡಿಗೆ, ದೋಣಿ ಗೀಣಿಗೆ ಬಳಸುವ 5000 ಸರಣಿಯದಕ್ಕೆ, ಇದು ಸರಿಯಾಗಿ ಹತ್ತುವುದೂ ಇಲ್ಲ.

ಬಾಗಿದ ದೋಟಿಯ ತುಂಡು ಈಗ ನಮ್ಮ ಹಾಸ್ಟೆಲ್ ರೂಮಿನ ಕಿಟಕಿಯಲ್ಲಿದೆ. ಲ್ಯಾಬಿನ ಸರ್ ಹತ್ತಿರ ಕೇಳಿದ್ದೇವೆ, ಬೆಸುಗೆಯಿಂದ ಒಂದೊಂದು ಸೆಂಟಿಮೀಟರ್ ದೂರಕ್ಕೆ ಗಡಸುತನ ಅಳೆದು ನೋಡಲು ಒಪ್ಪಿದ್ದಾರೆ. ಎಷ್ಟು ದೂರದ ತನಕ ಹದ ಕೆಟ್ಟಿದೆ ಅಂತ ಗೊತ್ತಾಗಬೇಕು. ಸೊರಬದ ದೊಡ್ಡಪ್ಪ ಹೊಸ ದೋಟಿ ತಂದರಂತೆ. ಚಿಕ್ಕಪ್ಪ ಮೊನ್ನೆ ಫೋನಿನಲ್ಲಿ, ಬೈಕಿನ ಕೆಳಗೆ ಹಾಸಿದ್ದ ರಟ್ಟನ್ನು ಇನ್ನೂ ತೆಗೆದಿಲ್ಲ, ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತೇನೆ ಅಂದರು. ಎಂಟು ವಾರವಾಯಿತು, ರಟ್ಟು ಒಣಗೇ ಇದೆ.